ಬೆಟ್ಟದೂರಿನ ದರ್ಜಿ: ಸಂತ ಜೆರಾರ್ಡ್ ಮಜೆಲ್ಲಾ

ಹೆರಿಗೆಯ ದಿನ ಸಮೀಪಿಸಿದಾಗ ಸಂತ ಜೆರಾರ್ಡರ ಚಿತ್ರವಿರುವ ಪ್ರಾರ್ಥನೆಯ ಕಿರುಹಾಳೆಯನ್ನು ದಿಂಬಿನ ಕೆಳಗೆ ಇರಿಸಿಕೊಳ್ಳುವ ತಾಯಂದಿರು ನಮ್ಮ ಕಥೋಲಿಕ ಮನೆತನಗಳಲ್ಲಿ ಇಂದಿಗೂ ಇದ್ದಾರೆ. ಕಪ್ಪು ನಿಲುವಂಗಿ, ಬಾಡಿದ ಕೆನ್ನೆ, ಶಿಲುಬೆಯ ಮೇಲೆ ನೆಟ್ಟ ದೃಷ್ಟಿ. ಆ ಚಿತ್ರವನ್ನು ಗುರುತಿಸದವರು ಕಡಿಮೆ. ಆದರೆ ಆ ಯುವಕ ಯಾವ ನಾಡಿನವರು, ಯಾವ ಕಸುಬಿನವರು, ಎಂತಹ ಅಪವಾದವನ್ನು ಹೊತ್ತು ಮೌನವಾಗಿದ್ದವರು ಎಂದು ಕೇಳಿದರೆ ಉತ್ತರಿಸಬಲ್ಲವರು ವಿರಳ. ನಮ್ಮ ಶತಮಾನೋತ್ಸವದ ಈ ಸಂಚಿಕೆಯಲ್ಲಿ ಅವರ ಬಾಳನ್ನು ಮೊದಲಿನಿಂದ ನಿರೂಪಿಸುವುದು ಉಚಿತವೆಂದು ತೋರಿತು. ಹಾಗೆ ನಿರೂಪಿಸಲು ಅವರ ಊರಿನಿಂದಲೇ ತೊಡಗಬೇಕು. ಏಕೆಂದರೆ ಊರನ್ನು ಬಿಟ್ಟರೆ ಈ ಸಂತರು ಅರ್ಥವಾಗುವುದಿಲ್ಲ.

ಇಟಲಿ ದೇಶದ ದಕ್ಷಿಣ ಭಾಗವೆಂದರೆ ನಾವು ಸಾಮಾನ್ಯವಾಗಿ ನೇಪಲ್ಸ್ ನಗರವನ್ನೂ ನೀಲಿ ಸಮುದ್ರವನ್ನೂ ಕಲ್ಪಿಸಿಕೊಳ್ಳುತ್ತೇವೆ. ಆದರೆ ಕಡಲತೀರದಿಂದ ಒಳಗೆ ನಡೆದರೆ ಬೇರೆಯೇ ಒಂದು ನಾಡು ತೆರೆದುಕೊಳ್ಳುತ್ತದೆ. ಅದು ಕಡಿದಾದ ಬೆಟ್ಟಗಳ, ಬಡ ಹೊಲಗಳ, ಕುರಿಮಂದೆಗಳ ನಾಡು. ಪುರಾತನರು ಇದನ್ನು ಲುಕಾನಿಯಾ ಎಂದು ಕರೆದರು. ಇಂದಿನ ಹೆಸರು ಬಸಿಲಿಕಾತಾ. ಈ ಪ್ರಾಂತದ ಪೊತೆನ್ಸಾ ಜಿಲ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ, ಮೂರೊ ಲುಕಾನೊ ಎಂಬ ಚಿಕ್ಕ ಪಟ್ಟಣವಿದೆ. ಮೂರೊ ಎಂಬುದು ನಮ್ಮ ಕಿವಿಗೆ ಸಂಖ್ಯೆಯಂತೆ ಕೇಳಿಸಿದರೂ ಅವರ ಭಾಷೆಯಲ್ಲಿ ಅದರ ಅರ್ಥ ಗೋಡೆ. ಹೆಸರು ಸುಳ್ಳಲ್ಲ. ಕಮರಿಯ ಅಂಚಿನಿಂದ ಬೆಟ್ಟದ ನೆತ್ತಿಯ ಕೋಟೆಯವರೆಗೆ ಮನೆಗಳು ಒಂದರ ತಲೆಯ ಮೇಲೊಂದು ಏರಿ ನಿಂತಿವೆ. ಕೆಳಗಿನವನ ಮಾಡಿನ ಮಟ್ಟದಲ್ಲಿ ಮೇಲಿನವನ ಹೊಸ್ತಿಲು. ಬೀದಿಗಳೆಂದರೆ ಮೆಟ್ಟಿಲುಗಳೇ. ಆ ಕೋಟೆಯಲ್ಲಿಯೇ 1382ರಲ್ಲಿ ನೇಪಲ್ಸಿನ ರಾಣಿ ಜೊವಾನ್ನಾ ಸೆರೆಯಾಗಿದ್ದು ಕೊಲೆಯಾದಳೆಂದು ಹೇಳುತ್ತಾರೆ. ಅದಕ್ಕೂ ಬಹು ಹಿಂದೆ, ಕ್ರಿ.ಪೂ. 210ರಲ್ಲಿ, ಹ್ಯಾನಿಬಾಲನೂ ರೋಮಿನ ಮಾರ್ಸೆಲಸನೂ ಸೆಣಸಿದ ನ್ಯುಮಿಸ್ಟ್ರೊ ಎಂಬ ಸ್ಥಳ ಈ ಊರಿನ ಸಮೀಪದ್ದೆಂಬುದು ವಿದ್ವಾಂಸರ ಎಣಿಕೆ. ಆದರೆ ರಾಣಿಯಾಗಲಿ ಸೇನಾನಿಯಾಗಲಿ ಈ ಊರಿಗೆ ಅನ್ನವನ್ನು ಕೊಡಲಿಲ್ಲ. ಭೂಮಿ ಜಮೀನ್ದಾರರದ್ದು, ಬೆವರು ಬಡವರದ್ದು. ಚಳಿಗಾಲದಲ್ಲಿ ಹಿಮ, ಬೇಸಗೆಯಲ್ಲಿ ಸುಡುಬಿಸಿಲು. ಇಂತಹ ಊರಿನ ಜನ ಮಿತಭಾಷಿಗಳು, ಹಟವಾದಿಗಳು. ಕೊಡಲು ಏನೂ ಇಲ್ಲದಿದ್ದರೂ ಕೊಡುವವರು. ಊರು ಚಿಕ್ಕದಾದರೂ ಅದು ಧರ್ಮಾಧ್ಯಕ್ಷರ ಪೀಠವಾಗಿತ್ತು. ಆದ್ದರಿಂದ ಹಸಿದ ಮನೆಗಳ ನಡುವೆಯೂ ಒಂದು ಪ್ರಧಾನ ದೇವಾಲಯ, ಅದರ ಗಂಟೆಗಳು, ಅದರ ಮೆರವಣಿಗೆಗಳು ಇದ್ದವು.

ಈ ಊರಿನ ಪಿಯಾನೆಲ್ಲೊ ಎಂಬ ಹಳೆಯ ಕೇರಿಯಲ್ಲಿ, ದೊಮೆನಿಕೊ ಮಜೆಲ್ಲಾ ಎಂಬ ದರ್ಜಿಗೂ ಬೆನೆದೆತ್ತಾ ಎಂಬ ಸಾಧ್ವಿಗೂ 1726ರ ಏಪ್ರಿಲ್ 6ರಂದು ಜೆರಾರ್ಡರು ಜನಿಸಿದರು. ಮನೆಯಲ್ಲಿ ಮೂವರು ಅಕ್ಕಂದಿರು. ಮಗು ಅತಿ ದುರ್ಬಲವಾಗಿದ್ದುದರಿಂದ ಹುಟ್ಟಿದ ದಿನವೇ ಜ್ಞಾನಸ್ನಾನ ಮಾಡಿಸಿದರು. ಊರಿನಿಂದ ತುಸು ದೂರದ ಕಪೊದಿಜಾನೊ ಎಂಬಲ್ಲಿ ದೇವಮಾತೆಯ ಪುಟ್ಟ ಗುಡಿಯೊಂದಿದೆ. ಬಾಲಕ ಅಲ್ಲಿಗೆ ಓಡಿಹೋಗುತ್ತಿದ್ದನೆಂದೂ, ಮಾತೆಯ ತೋಳಿನ ಬಾಲಯೇಸು ಕೆಳಗಿಳಿದು ಅವನೊಡನೆ ಆಡಿ, ಮರಳುವಾಗ ಒಂದು ಬಿಳಿ ರೊಟ್ಟಿಯನ್ನು ಕೈಗಿಡುತ್ತಿದ್ದನೆಂದೂ ಆ ಸೀಮೆಯ ಪರಂಪರೆ ಹೇಳುತ್ತದೆ. ಬಡವರು ಕಪ್ಪು ರೊಟ್ಟಿಯನ್ನಷ್ಟೇ ಕಂಡ ಕಾಲವದು. ಬಿಳಿ ಹಿಟ್ಟು ಶ್ರೀಮಂತರ ಮೇಜಿನದು. ಪವಾಡವನ್ನು ನಂಬುವವರು ನಂಬಲಿ. ದರ್ಜಿಯ ಮನೆಯಲ್ಲಿ ಒಂದು ಬಿಳಿ ರೊಟ್ಟಿಯೇ ಪವಾಡವೆನಿಸುವಷ್ಟು ಬಡತನವಿತ್ತು ಎಂಬುದನ್ನಾದರೂ ಈ ಕಥೆಯಿಂದ ನಾವು ತಿಳಿಯಬೇಕು. ಜೆರಾರ್ಡರ ಬಾಳಿನಲ್ಲಿ ರೊಟ್ಟಿ ಮತ್ತೆ ಮತ್ತೆ ಬರುತ್ತದೆ.

ಏಳೆಂಟು ವರ್ಷದ ಬಾಲಕ ಪರಮಪ್ರಸಾದವನ್ನು ಬಯಸಿ ಹಿರಿಯರ ಸಾಲಿನಲ್ಲಿ ಪೀಠದ ಬಳಿಗೆ ಹೋದನಂತೆ. ಅಂದಿನ ಕಟ್ಟಳೆಯಂತೆ ಗುರುಗಳು ಅವನನ್ನು ಹಿಂದಕ್ಕೆ ಕಳುಹಿಸಿದರು. ಆ ರಾತ್ರಿ ಪ್ರಧಾನ ದೂತರಾದ ಸಂತ ಮಿಕಾಯೇಲರೇ ತನಗೆ ಪ್ರಸಾದವನ್ನು ತಂದರೆಂದು ಜೆರಾರ್ಡರು ಬಹುಕಾಲದ ನಂತರ ತಿಳಿಸಿದರಂತೆ. ಆ ಬೆಟ್ಟಸೀಮೆಯ ಜನರು ಗರ್ಗಾನೊ ಪರ್ವತದ ಗುಹೆಯಲ್ಲಿರುವ ಸಂತ ಮಿಕಾಯೇಲರ ಕ್ಷೇತ್ರಕ್ಕೆ ತಲೆತಲಾಂತರದಿಂದ ಕಾಲ್ನಡೆಯಲ್ಲಿ ಯಾತ್ರೆ ಹೋಗುವವರು. ಜೆರಾರ್ಡರೂ ಮುಂದೆ 1753ರಲ್ಲಿ ತಮ್ಮ ಮಠದ ವಿದ್ಯಾರ್ಥಿಗಳನ್ನು ಕರೆದುಕೊಂಡು ಅಲ್ಲಿಗೆ ನಡೆದರು.

ಹನ್ನೆರಡನೆಯ ವಯಸ್ಸಿನಲ್ಲಿ ತಂದೆ ತೀರಿಕೊಂಡರು. ಶಾಲೆ ಅಲ್ಲಿಗೆ ಮುಗಿಯಿತು. ಮಾರ್ತಿನೊ ಪಾನ್ನೂತೊ ಎಂಬ ದರ್ಜಿಯ ಅಂಗಡಿಯಲ್ಲಿ ಕಸುಬು ಕಲಿಯಲು ತಾಯಿ ಮಗನನ್ನು ಬಿಟ್ಟಳು. ಯಜಮಾನ ಒಳ್ಳೆಯವನು, ಆದರೆ ಅಂಗಡಿಯ ಮೇಲಾಳು ಕ್ರೂರಿ. ಹುಡುಗ ಪ್ರಾರ್ಥನೆಯಲ್ಲಿ ಮೈಮರೆಯುತ್ತಾನೆಂದು ಹೊಡೆಯುತ್ತಿದ್ದ, ಒದೆಯುತ್ತಿದ್ದ. ಜೆರಾರ್ಡ್ ಯಜಮಾನನಿಗೆ ದೂರು ಹೇಳಲಿಲ್ಲ. ಯಜಮಾನನೇ ಕಂಡುಹಿಡಿದ ಮೇಲೆ ಆ ಮೇಲಾಳು ಅಂಗಡಿಯನ್ನು ಬಿಡಬೇಕಾಯಿತು. ಹೊಡೆತಕ್ಕೆ ಬಾಯಿ ತೆರೆಯದ ಈ ಸ್ವಭಾವ ಮುಂದೆ ಎಷ್ಟು ದೊಡ್ಡ ಪರೀಕ್ಷೆಗೆ ಒಡ್ಡಿಕೊಳ್ಳಲಿತ್ತೆಂಬುದನ್ನು ಆಗ ಯಾರು ಬಲ್ಲರು?

ಕಸುಬು ಕಲಿತ ಮೇಲೆ, 1741ರಲ್ಲಿ, ಲಾಚೆದೋನಿಯಾದ ಧರ್ಮಾಧ್ಯಕ್ಷರಾದ ಕ್ಲಾವ್ದಿಯೊ ಅಲ್ಬೀನಿಯವರ ಮನೆಯಲ್ಲಿ ಊಳಿಗಕ್ಕೆ ಸೇರಿದರು. ಧರ್ಮಾಧ್ಯಕ್ಷರು ಮುಂಗೋಪಿ; ಸೇವಕರು ಅಲ್ಲಿ ಹೆಚ್ಚು ದಿನ ನಿಲ್ಲುತ್ತಿರಲಿಲ್ಲ. ಜೆರಾರ್ಡ್ ಮಾತ್ರ ಅವರು 1744ರಲ್ಲಿ ತೀರಿಕೊಳ್ಳುವವರೆಗೂ ನಿಂತರು. ಒಂದು ದಿನ ಮನೆಯ ಬೀಗದ ಕೈ ಬಾವಿಗೆ ಜಾರಿಬಿತ್ತು. ಹುಡುಗನು ಬಾಲಯೇಸುವಿನ ಚಿಕ್ಕ ಪ್ರತಿಮೆಯನ್ನು ಹಗ್ಗಕ್ಕೆ ಕಟ್ಟಿ, ನೆರೆದವರು ನಗುತ್ತಿರಲು ಬಾವಿಗಿಳಿಸಿದನೆಂದೂ, ಪ್ರತಿಮೆ ಮೇಲೆ ಬಂದಾಗ ಅದರ ಕೈಯಲ್ಲಿ ಬೀಗದ ಕೈ ಇತ್ತೆಂದೂ ಹೇಳುತ್ತಾರೆ. ಲಾಚೆದೋನಿಯಾದ ಜನರು ಆ ಬಾವಿಯನ್ನು ಜೆರಾರ್ಡರ ಹೆಸರಿನಿಂದಲೇ ಕರೆಯುತ್ತಾರೆ.

ಊರಿಗೆ ಮರಳಿ ಸ್ವಂತ ಅಂಗಡಿಯನ್ನು ತೆರೆದರು. ಸಂಪಾದನೆಯನ್ನು ಮೂರು ಪಾಲು ಮಾಡುತ್ತಿದ್ದರು: ಒಂದು ತಾಯಿಗೆ, ಒಂದು ಬಡವರಿಗೆ, ಇನ್ನೊಂದು ಶುದ್ಧೀಕರಣ ಸ್ಥಳದ ಆತ್ಮಗಳಿಗಾಗಿ ಅರ್ಪಿಸುವ ಬಲಿಪೂಜೆಗಳಿಗೆ. ಅಂಗಡಿ ಬೆಳೆಯಲಿಲ್ಲವೆಂದು ಹೇಳಬೇಕಾಗಿಲ್ಲ. ಬಡವರಿಂದ ಕೂಲಿಯನ್ನೇ ಕೇಳದ ದರ್ಜಿ ಹೇಗೆ ಬೆಳೆದಾನು? ಕಪುಚಿನ್ ಸಭೆಯಲ್ಲಿದ್ದ ಸೋದರಮಾವನ ಬಳಿಗೆ ಹೋಗಿ ಮಠಕ್ಕೆ ಸೇರಿಸಿಕೊಳ್ಳಬೇಕೆಂದು ಬೇಡಿದರು. ಕ್ಷೀಣ ದೇಹವನ್ನು ನೋಡಿ ಅವರು ನಿರಾಕರಿಸಿದರು. ಕನಿಕರದಿಂದ ಒಂದು ಹೊಸ ಅಂಗಿಯನ್ನು ಕೊಟ್ಟು ಕಳುಹಿಸಿದರು. ಜೆರಾರ್ಡ್ ಅದನ್ನು ದಾರಿಯಲ್ಲಿ ಸಿಕ್ಕ ಭಿಕ್ಷುಕನಿಗೆ ಕೊಟ್ಟುಬಿಟ್ಟರು. ಊರಿನ ಪುಂಡ ಹುಡುಗರು ಅವರನ್ನು ಹುಚ್ಚನೆಂದು ಹಾಸ್ಯಮಾಡಿ ಬಡಿಯುತ್ತಿದ್ದರು. ಪ್ರಧಾನ ದೇವಾಲಯದಲ್ಲಿ ಯೇಸುಸ್ವಾಮಿಯ ಪಾಡುಗಳ ದೃಶ್ಯಗಳನ್ನು ತೋರಿಸಿದಾಗ ಶಿಲುಬೆಗೇರಿದ ಕ್ರಿಸ್ತರ ಪಾತ್ರಕ್ಕೆ ಈ ಎಲುಬಿನ ಗೂಡಿನಂತಹ ಯುವಕನನ್ನೇ ಆರಿಸಿದರು. ಶಿಲುಬೆಯ ಮೇಲಿದ್ದವನು ತನ್ನ ಮಗನೆಂದು ಗುರುತಿಸಿದ ತಾಯಿ ಬೆನೆದೆತ್ತಾ ಮೂರ್ಛೆಹೋದಳಂತೆ.

1749ರ ಏಪ್ರಿಲ್ ತಿಂಗಳು. ಸಂತ ಅಲ್ಫೋನ್ಸ್ ಲಿಗೋರಿಯವರು 1732ರಲ್ಲಿ ಸ್ಥಾಪಿಸಿದ ವಿಮೋಚಕ ಸಭೆಯ ಗುರುಗಳು, ಅಂದರೆ ರಿಡೆಂಪ್ಟರಿಸ್ಟರು, ಧರ್ಮಪ್ರಬೋಧನೆಗಾಗಿ ಮೂರೊಗೆ ಬಂದರು. ನೇಪಲ್ಸಿನ ಪಾಂಡಿತ್ಯವನ್ನು ಬಿಟ್ಟು, ಯಾರೂ ವಿಚಾರಿಸದ ಒಳನಾಡಿನ ಬಡವರನ್ನು ಅರಸಿ ಹೊರಟ ಸಭೆಯಿದು. ಅದೇ ವರ್ಷ ಜಗದ್ಗುರು ಹದಿನಾಲ್ಕನೆಯ ಬೆನೆಡಿಕ್ಟರು ಅದಕ್ಕೆ ಅನುಮೋದನೆ ನೀಡಿದ್ದರು. ಜೆರಾರ್ಡರು ಮುಖ್ಯಸ್ಥರಾದ ಪಾವ್ಲೊ ಕಫಾರೊ ಗುರುಗಳನ್ನು ಕಾಡಿಬೇಡಿದರು. ಈ ದೇಹ ಮಠದ ದುಡಿಮೆಯನ್ನು ತಾಳದೆಂದು ಅವರು ಸ್ಪಷ್ಟವಾಗಿ ನುಡಿದರು. ಮಾತ್ರವಲ್ಲ, ತಾವು ಊರುಬಿಡುವ ದಿನ ಮಗನನ್ನು ಕೋಣೆಯಲ್ಲಿ ಕೂಡಿಹಾಕುವಂತೆ ತಾಯಿಗೆ ಸೂಚಿಸಿದರು. ತಾಯಿ ಹಾಗೆಯೇ ಮಾಡಿದಳು. ಆದರೆ ಗೋಡೆಯ ಊರಿನ ಹುಡುಗನಿಗೆ ಗೋಡೆ ಯಾವ ಲೆಕ್ಕ? ಹಾಸಿಗೆಯ ಹೊದಿಕೆಗಳನ್ನು ಗಂಟುಹಾಕಿ ಕಿಟಕಿಯಿಂದ ಇಳಿದು ಓಡಿದರು. ತಾನು ಸಂತನಾಗಲು ಹೊರಟಿರುವುದಾಗಿಯೂ ತನ್ನನ್ನು ಮರೆತುಬಿಡಬೇಕೆಂದೂ ತಿಳಿಸುವ ಚೀಟಿಯೊಂದನ್ನು ತಾಯಿಗೆ ಬಿಟ್ಟಿದ್ದರು. ರಿಯೊನೆರೊ ಕಡೆಗೆ ನಡೆದಿದ್ದ ಗುರುಗಳನ್ನು ದಾರಿಯಲ್ಲಿ ಹಿಡಿದರು. ಬೇಡಿಕೆಯಿಂದ ಬೇಸತ್ತ ಕಫಾರೊ ಗುರುಗಳು, ದುಡಿಮೆಗೆ ಬಾರದ ಒಬ್ಬ ಸಹೋದರನನ್ನು ಕಳುಹಿಸುತ್ತಿದ್ದೇನೆಂಬ ಅರ್ಥದ ಪತ್ರವನ್ನು ಕೊಟ್ಟು ದೆಲಿಚೆತೊ ಊರಿನ ಮಠಕ್ಕೆ ಅಟ್ಟಿದರು.

ಆ ತೀರ್ಮಾನ ಎಷ್ಟು ತಪ್ಪೆಂಬುದು ಬೇಗನೆ ತಿಳಿಯಿತು. ತೋಟದ ಕೆಲಸ, ಅಡಿಗೆ, ಬಾಗಿಲು ಕಾಯುವುದು, ಪೂಜಾವಸ್ತ್ರಗಳ ಆರೈಕೆ, ಮರಗೆಲಸ, ಹೊಲಿಗೆ, ಯಾವುದನ್ನು ಒಪ್ಪಿಸಿದರೂ ನಾಲ್ವರ ಕೆಲಸವನ್ನು ಒಬ್ಬರೇ ಮಾಡಿದರು. 1752ರ ಜುಲೈ 16ರಂದು ವ್ರತಗಳನ್ನು ಸ್ವೀಕರಿಸಿದರು. ದಾನ ಸಂಗ್ರಹಿಸಲು ಹಳ್ಳಿಹಳ್ಳಿಗೆ ಹೋದಾಗ ಜನರು ಧಾನ್ಯದ ಜೊತೆಗೆ ತಮ್ಮ ಪಾಪಭಾರವನ್ನೂ ಇವರ ಮುಂದೆ ಇಳಿಸುತ್ತಿದ್ದರು. ಪಾಪನಿವೇದನೆಯಲ್ಲಿ ಬಚ್ಚಿಟ್ಟದ್ದನ್ನು ಸಹೋದರ ಜೆರಾರ್ಡ್ ಮುಖ ನೋಡಿಯೇ ಅರಿತು ಗುರುಗಳ ಬಳಿಗೆ ಮರಳಿ ಕಳುಹಿಸುತ್ತಾರೆಂಬ ಮಾತು ಹಬ್ಬಿತು. ಚರಿತ್ರಕಾರರು ಅವರ ಪವಾಡಗಳನ್ನು ರಾಶಿಹಾಕಿದ್ದಾರೆ. ಅವೆಲ್ಲವನ್ನೂ ಇಲ್ಲಿ ಹೇಳಲು ಹೊರಟರೆ ಪವಾಡಗಳ ನಡುವೆ ಮನುಷ್ಯನೇ ಕಾಣದೆ ಹೋದಾನು ಎಂಬ ಅಂಜಿಕೆ ನನಗೆ.

ಈಗ 1754ನೆಯ ವರ್ಷಕ್ಕೆ ಬರಬೇಕು. ವರದಕ್ಷಿಣೆಗೆ ಹಣವಿಲ್ಲದೆ ಕನ್ಯಾಮಠವನ್ನು ಸೇರಲಾಗದ ಬಡ ಹೆಣ್ಣುಮಕ್ಕಳಿಗೆ ಜೆರಾರ್ಡರು ದಾನ ಕೂಡಿಸಿ ನೆರವಾಗುತ್ತಿದ್ದರು. ಲಾಚೆದೋನಿಯಾದ ನೇರಿಯಾ ಎಂಬ ತರುಣಿಯೂ ಹಾಗೆಯೇ ಫೊಜ್ಜಾದ ಮಠವನ್ನು ಸೇರಿದಳು. ಕೆಲವೇ ವಾರಗಳಲ್ಲಿ ಹೊರಬಂದಳು. ಹೊರಬಂದ ಅವಮಾನವನ್ನು ಮರೆಸಲು ಮೊದಲು ಮಠದವರನ್ನು ದೂರಿದಳು, ಅನಂತರ ಜೆರಾರ್ಡರನ್ನು. ಅವರು ತಂಗುತ್ತಿದ್ದ ಗೃಹಸ್ಥರ ಮನೆಯ ಮಗಳೊಡನೆ ಅವರಿಗೆ ಅನುಚಿತ ಸಂಬಂಧವಿದೆಯೆಂಬ ಅಪವಾದವನ್ನು ಹೊರಿಸಿದಳು. ಪತ್ರ ಸಂತ ಅಲ್ಫೋನ್ಸರ ಕೈ ಸೇರಿತು. ಹುಡುಗನಾಗಿದ್ದಾಗ ಯಾವ ಊರಿನಲ್ಲಿ ಪ್ರೀತಿಗೆ ಪಾತ್ರರಾಗಿದ್ದರೋ ಅದೇ ಊರಿನಿಂದ ಬಂದ ಕಳಂಕವಿದು.

ಅಲ್ಫೋನ್ಸರು ಜೆರಾರ್ಡರನ್ನು ಪಗಾನಿಯ ಮಠಕ್ಕೆ ಕರೆಸಿ ಆರೋಪವನ್ನು ತಿಳಿಸಿದರು. ಜೆರಾರ್ಡರು ತುಟಿ ತೆರೆಯಲಿಲ್ಲ. ತಪ್ಪಿಲ್ಲವೆಂದು ಹೇಳಲಿಲ್ಲ, ಇದೆಯೆಂದೂ ಒಪ್ಪಲಿಲ್ಲ. ಹಿರಿಯರು ದೋಷಾರೋಪಣೆ ಮಾಡಿದಾಗ ಸಮರ್ಥನೆಗೆ ನಿಲ್ಲಬಾರದೆಂಬ ನಿಯಮ ಸಭೆಯಲ್ಲಿತ್ತು. ಅದನ್ನು ಅಕ್ಷರಶಃ ಪಾಲಿಸಿದರು. ಮೌನವನ್ನು ಕಂಡು ಅಲ್ಫೋನ್ಸರು ಏನೆಂದುಕೊಳ್ಳಬೇಕು? ಪರಮಪ್ರಸಾದ ಸ್ವೀಕಾರವನ್ನೂ ಹೊರಗಿನವರ ಸಂಪರ್ಕವನ್ನೂ ನಿಷೇಧಿಸಿದರು. ಬಾಲ್ಯದಿಂದ ಪ್ರಸಾದಕ್ಕಾಗಿಯೇ ಹಸಿದವರಿಗೆ ಇದಕ್ಕಿಂತ ಘೋರ ಶಿಕ್ಷೆಯಿಲ್ಲ. ಒಮ್ಮೆ ಗುರುಗಳೊಬ್ಬರು ಬಲಿಪೂಜೆಗೆ ಸಹಾಯಕನಾಗಿ ಬರಲು ಕರೆದಾಗ, ತನ್ನನ್ನು ಶೋಧನೆಗೆ ಒಡ್ಡಬೇಡಿರೆಂದೂ, ಹತ್ತಿರ ನಿಂತರೆ ಅವರ ಕೈಯಿಂದಲೇ ಪ್ರಸಾದವನ್ನು ಕಸಿದುಕೊಂಡೇನೆಂದೂ ಹೇಳಿ ದೂರ ಸರಿದರಂತೆ. ಸುಮಾರು ಎರಡು ತಿಂಗಳು ಹೀಗೆಯೇ ಕಳೆದವು. ಅಷ್ಟರಲ್ಲಿ ನೇರಿಯಾ ಕಾಯಿಲೆಬಿದ್ದಳು. ಸಾವಿನ ಭಯದಲ್ಲಿ ತಾನು ಹೇಳಿದ್ದೆಲ್ಲ ಸುಳ್ಳೆಂದು ಬರೆಯಿಸಿ ಕಳುಹಿಸಿದಳು. ಅಲ್ಫೋನ್ಸರು ಜೆರಾರ್ಡರನ್ನು ಕರೆಸಿ ಏಕೆ ಒಂದು ಮಾತನ್ನೂ ಆಡಲಿಲ್ಲವೆಂದು ಕೇಳಿದಾಗ ಅವರು ನಿಯಮವನ್ನು ನೆನಪಿಸಿದರು. ಆ ನಿಯಮ ಇಂತಹ ಅಪವಾದಗಳಿಗೆ ಅನ್ವಯಿಸುವುದಲ್ಲವೆಂದು ಅಲ್ಫೋನ್ಸರು ತಿಳಿಹೇಳಬೇಕಾಯಿತು.

ಈ ಪ್ರಸಂಗವನ್ನು ಪ್ರಬೋಧನೆಗಳಲ್ಲಿ ಕೇಳಿದಾಗಲೆಲ್ಲ ನನಗೊಂದು ಸಂದೇಹ ಮೂಡುವುದುಂಟು. ಸುಳ್ಳಿನ ಮುಂದೆ ಎಲ್ಲರೂ ಬಾಯಿ ಮುಚ್ಚಿಕೊಂಡಿರಬೇಕೆಂದು ಇದರಿಂದ ಕಲಿಸುವುದು ಸರಿಯಲ್ಲ. ಆ ಇನ್ನೊಬ್ಬ ಹೆಣ್ಣುಮಗಳ ಹೆಸರೂ ಇದರಲ್ಲಿ ಸಿಲುಕಿತ್ತಲ್ಲವೆ? ನಿಯಮವನ್ನು ಬರೆದ ಅಲ್ಫೋನ್ಸರೇ ಇಂತಹ ಮೌನವನ್ನು ಬಯಸಿರಲಿಲ್ಲ. ಜೆರಾರ್ಡರ ಹಿರಿಮೆ ಮೌನಕ್ಕಿಂತ ಹೆಚ್ಚಾಗಿ ಆ ಬಳಿಕದ ನಡತೆಯಲ್ಲಿದೆಯೆಂದು ನನ್ನ ಭಾವನೆ: ನಿರ್ದೋಷಿಯೆಂದು ತಿಳಿದಾಗ ಅವರು ಹಿಗ್ಗಲಿಲ್ಲ, ಆರೋಪಿಸಿದವಳನ್ನು ದೂಷಿಸಲೂ ಇಲ್ಲ.

ಅಲ್ಲಿಂದ ನೇಪಲ್ಸ್ ನಗರಕ್ಕೆ ಕಳುಹಿಸಿದರು. ವಾಸಿಯಾಗದ ರೋಗಿಗಳ ಆಸ್ಪತ್ರೆಯಲ್ಲಿ ಸೇವೆ ಮಾಡಿದರು. ಕಾಗದದ ಮುದ್ದೆಯಿಂದ ಶಿಲುಬೆಯ ಸ್ವರೂಪಗಳನ್ನು ಮಾಡುವ ಕಲೆಯನ್ನು ಅಲ್ಲಿಯ ಕುಶಲಕರ್ಮಿಗಳಿಂದ ಕಲಿತರು. ಮಹಾನಗರ ಅವರಿಗೆ ಒಗ್ಗಲಿಲ್ಲ. ಜನರು ಸಂತನೆಂದು ಮುತ್ತಿಕೊಳ್ಳತೊಡಗಿದಾಗ ಮೇಲಧಿಕಾರಿಗಳು 1754ರ ಕೊನೆಯಲ್ಲಿ ಅವರನ್ನು ಮತ್ತೆ ಬೆಟ್ಟಸೀಮೆಗೆ, ಕಪೊಸೆಲೆಯ ಮೇಲ್ಭಾಗದ ಮಾತೆರ್ದೋಮಿನಿ ಎಂಬಲ್ಲಿಯ ಮಠಕ್ಕೆ ಕಳುಹಿಸಿದರು. ಸೆಲೆ ನದಿ ಹುಟ್ಟುವ ಸ್ಥಳವದು. ಅಲ್ಲಿಯ ಬುಗ್ಗೆಯ ನೀರನ್ನೇ ಮುಂದೆ ದೊಡ್ಡ ಕಾಲುವೆಯ ಮೂಲಕ ಒಣನಾಡಾದ ಪೂಲಿಯಾಗೆ ಒಯ್ದರು. 1915ರಲ್ಲಿ ಅದು ಬಾರಿ ನಗರವನ್ನು ಮುಟ್ಟಿತು. ಮೂರೊದಿಂದ ಮಾತೆರ್ದೋಮಿನಿಗೆ ನೇರ ದೂರ ಸುಮಾರು 25 ಕಿಲೋಮೀಟರ್ ಮಾತ್ರ. ಸಂತರು ಹುಟ್ಟಿದ ಊರಿಗೂ ಮಡಿದ ಸ್ಥಳಕ್ಕೂ ಇಷ್ಟೇ ಅಂತರ.

ಆ ಚಳಿಗಾಲ ಕಠಿಣವಾಗಿತ್ತು. ಹಿಮ ಬಿದ್ದು ಕೂಲಿ ನಿಂತುಹೋಗಿ, ಸುತ್ತಣ ಹಳ್ಳಿಗಳ ಬಡವರು ಮಠದ ಬಾಗಿಲಿಗೆ ಬಂದರು. ದಿನಕ್ಕೆ ಇನ್ನೂರರಷ್ಟು ಜನ, ಗಂಡಸರು, ಹೆಂಗಸರು, ಮಕ್ಕಳು. ಬಾಗಿಲು ಕಾಯುವ ಸಹೋದರ ಜೆರಾರ್ಡರು ಬಾಗಿಲನ್ನು ಮುಚ್ಚಲಿಲ್ಲ. ಬೆಂಕಿ ಹೊತ್ತಿಸಿ ಮಕ್ಕಳನ್ನು ಅದರ ಬಳಿ ಕುಳ್ಳಿರಿಸಿದರು. ಮಠದ ಉಗ್ರಾಣದಿಂದ ರೊಟ್ಟಿಯನ್ನು ತಂದು ಹಂಚಿದರು. ಹರಿದ ಬಟ್ಟೆಗಳಿಗೆ ತಾವೇ ತೇಪೆ ಹಾಕಿದರು. ನಾಚಿಕೆಯಿಂದ ಬೇಡಲು ಬಾರದವರ ಮನೆಗೆ ಗುಟ್ಟಾಗಿ ಕಳುಹಿಸಿದರು. ಮಠದಲ್ಲಿ ಗೊಣಗಾಟ ಎದ್ದಿತು. ಎಲ್ಲವನ್ನೂ ಕೊಟ್ಟರೆ ನಾವು ಉಣ್ಣುವುದೇನು ಎಂದು ಕೇಳಿದವರಲ್ಲಿ ದೋಷ ಕಾಣಲಾಗದು, ಅವರೂ ಹಸಿವನ್ನು ಬಲ್ಲವರೇ. ಆದರೆ ಮಠಾಧಿಪತಿಗಳಾದ ಗಾಸ್ಪರೆ ಕಾಯೊನೆ ಗುರುಗಳು ಅವರನ್ನು ತಡೆಯಲಿಲ್ಲ. ಖಾಲಿಯಾದ ಬುಟ್ಟಿ ಮತ್ತೆ ತುಂಬಿತ್ತೆಂದು ಕಂಡವರು ಹೇಳಿದರು. ಜೆರಾರ್ಡರ ಬಾಳಿನ ವಿವರಗಳನ್ನು ಮೊದಲು ಬರೆದಿಟ್ಟವರಲ್ಲಿ ಈ ಕಾಯೊನೆ ಗುರುಗಳು ಮುಖ್ಯರು. ಅವರು ಬರೆಯದಿದ್ದರೆ ನಮಗೆ ತಿಳಿಯುತ್ತಿದ್ದುದು ಅತ್ಯಲ್ಪ.

1755ರ ಬೇಸಗೆಯಲ್ಲಿ ಮಠದ ಕಟ್ಟಡಕ್ಕೆ ಹಣ ಕೂಡಿಸಲು ಸುಡುಬಿಸಿಲಿನಲ್ಲಿ ಹೊರಟರು. ಆಗಲೇ ಕ್ಷಯರೋಗ ಎದೆಯನ್ನು ತಿಂದಿತ್ತು. ಸಾನ್ ಗ್ರೆಗೋರಿಯೊ ಎಂಬ ಊರಿನಲ್ಲಿ ಆಗಸ್ಟ್ ತಿಂಗಳಲ್ಲಿ ರಕ್ತ ಕಾರಿದರು. ಓಲಿವೆತೊ ಊರಿನಲ್ಲಿ ಪಿರೊಫಾಲೊ ಎಂಬವರ ಮನೆಯಲ್ಲಿ ತಮ್ಮ ಕರವಸ್ತ್ರವನ್ನು ಮರೆತು ಹೊರಟಾಗ ಮನೆಯ ಹುಡುಗಿ ಹಿಂದೆಯೇ ಓಡಿಬಂದಳು. ಅದನ್ನು ಅವಳೇ ಇಟ್ಟುಕೊಳ್ಳಲೆಂದೂ ಮುಂದೊಂದು ದಿನ ಬೇಕಾಗುವುದೆಂದೂ ಹೇಳಿದರು. ವರ್ಷಗಳು ಕಳೆದು, ಅವಳು ಹೆರಿಗೆಯಲ್ಲಿ ಸಾವಿನ ಅಂಚಿಗೆ ಬಂದಾಗ ಆ ಮಾತು ನೆನಪಾಯಿತು. ಕರವಸ್ತ್ರವನ್ನು ತರಿಸಿಕೊಂಡು ಮೈಗೆ ತಾಗಿಸಿಕೊಂಡಳು. ತಾಯಿಯೂ ಮಗುವೂ ಬದುಕಿದರು. ಅಲ್ಲಿಂದಾಚೆಗೆ ಆ ಕರವಸ್ತ್ರ ಮನೆಯಿಂದ ಮನೆಗೆ ಅಲೆಯಿತು. ಇವರು ತಾಯಂದಿರ ಪಾಲಕರಾದುದು ಹೀಗೆ; ಯಾವ ಘೋಷಣೆಗೂ ಮೊದಲೇ ಸೂಲಗಿತ್ತಿಯರ ಬಾಯಲ್ಲಿ ಅವರ ಹೆಸರಿತ್ತು.

ಆಗಸ್ಟ್ ಕೊನೆಯಲ್ಲಿ ಮಾತೆರ್ದೋಮಿನಿಗೆ ಮರಳಿ ಹಾಸಿಗೆ ಹಿಡಿದರು. ದೇವರ ಚಿತ್ತವು ಅವರು ಬಯಸಿದಂತೆ, ಬಯಸಿದಷ್ಟು ಕಾಲ ಇಲ್ಲಿ ನೆರವೇರುತ್ತದೆಂಬ ಬರಹವನ್ನು ಕೋಣೆಯ ಬಾಗಿಲಿಗೆ ಅಂಟಿಸಿದರು. ಗುಣಹೊಂದಬೇಕೆಂದು ಮೇಲಧಿಕಾರಿಗಳು ವಿಧೇಯತೆಯ ಹೆಸರಿನಲ್ಲಿ ಆಜ್ಞಾಪಿಸಿದಾಗ ಒಮ್ಮೆ ಎದ್ದು ನಿಂತರು ಕೂಡ. ಅಕ್ಟೋಬರಿನಲ್ಲಿ ರೋಗ ಮರಳಿತು. ಅಕ್ಟೋಬರ್ 15 ಕಳೆದು 16ರ ನಡುರಾತ್ರಿಯ ಮೇಲೆ ಪ್ರಾಣಬಿಟ್ಟರು. ವಯಸ್ಸು 29. ಸಾವಿನ ಗಂಟೆಯನ್ನು ಬಾರಿಸಬೇಕಾಗಿದ್ದ ಸಹೋದರನು ತಡೆಯಲಾಗದೆ ಹಬ್ಬದ ಗಂಟೆಯನ್ನು ಬಾರಿಸಿಬಿಟ್ಟನಂತೆ.

ಜಗದ್ಗುರು ಹದಿಮೂರನೆಯ ಲಿಯೋರವರು 1893ರಲ್ಲಿ ಧನ್ಯ ಪದವಿಯನ್ನೂ, ಜಗದ್ಗುರು ಹತ್ತನೆಯ ಪಿಯುಸರು 1904ರ ಡಿಸೆಂಬರ್ 11ರಂದು ಸಂತ ಪದವಿಯನ್ನೂ ನೀಡಿದರು. ಅಷ್ಟರಲ್ಲಿ ಬಡತನ ಆ ಬೆಟ್ಟದೂರುಗಳ ಜನರನ್ನು ಹಡಗು ಹತ್ತಿಸಿ ಅಮೆರಿಕಕ್ಕೆ ಕಳುಹಿಸತೊಡಗಿತ್ತು. ಅವರು ಸಂತರನ್ನೂ ಜೊತೆಗೆ ಒಯ್ದರು. ನ್ಯೂವಾರ್ಕ್ ನಗರದ ಸಂತ ಲೂಸಿಯವರ ದೇವಾಲಯದಲ್ಲಿ 1899ರಿಂದಲೂ ಅವರ ಹಬ್ಬ ನಡೆಯುತ್ತಿದೆ. ನಿತ್ಯಸಹಾಯ ಮಾತೆಯ ಭಕ್ತಿಯನ್ನು ಲೋಕಕ್ಕೆಲ್ಲ ಹರಡಿದ ಅದೇ ರಿಡೆಂಪ್ಟರಿಸ್ಟ್ ಸಭೆ ಬೆಂಗಳೂರಿನಲ್ಲಿಯೂ ನೆಲೆಯೂರಿದೆ.

1980ರ ನವೆಂಬರ್ 23, ಭಾನುವಾರ ಸಂಜೆ, ಆ ಸೀಮೆ ಒಂದೂವರೆ ನಿಮಿಷ ನಡುಗಿತು. ಸುಮಾರು ಮೂರು ಸಾವಿರ ಜನ ಸತ್ತರು. ಮೂರೊಗೆ ದೂರವಲ್ಲದ ಬಲ್ವಾನೊ ಊರಿನಲ್ಲಿ ಬಲಿಪೂಜೆಗೆ ಸೇರಿದ್ದವರ ಮೇಲೆ ದೇವಾಲಯವೇ ಕುಸಿದು ಅರವತ್ತಕ್ಕೂ ಹೆಚ್ಚು ಮಂದಿ, ಅವರಲ್ಲಿ ಬಹುಪಾಲು ಮಕ್ಕಳು, ಮಡಿದರು. ಕಪೊಸೆಲೆ ಪೆಟ್ಟು ತಿಂದಿತು. ಮೂರೊವಿನ ಹಳೆಯ ಗೋಡೆಗಳು ಬಿರುಕುಬಿಟ್ಟವು. ಎರಡು ದಿನಗಳಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಬಲ್ವಾನೊಗೆ ಬಂದು ಮಕ್ಕಳನ್ನು ಕಳೆದುಕೊಂಡ ತಾಯಂದಿರ ನಡುವೆ ನಿಂತರು.

ಊರುಗಳನ್ನು ಮತ್ತೆ ಕಟ್ಟಿದರು. ಮೂರೊದಲ್ಲಿ ಇಂದು ಉಳಿದಿರುವವರು ಐದು ಸಾವಿರದ ಆಸುಪಾಸು. ಸಂತರು ಮಲಗಿರುವ ಮಾತೆರ್ದೋಮಿನಿಯಲ್ಲಿ ಒಂದು ಕೊಠಡಿಯಿದೆ. ಮಗು ಹುಟ್ಟಿದ ಮನೆಯ ಬಾಗಿಲಿಗೆ ಬಣ್ಣದ ಬಟ್ಟೆಯ ಹೂಗಂಟನ್ನು ಕಟ್ಟುವುದು ಆ ದೇಶದ ಪದ್ಧತಿ. ಗಂಡಿಗೆ ನೀಲಿ, ಹೆಣ್ಣಿಗೆ ಗುಲಾಬಿ. ಆ ಗಂಟುಗಳನ್ನು ತಾಯಂದಿರು ಬಿಚ್ಚಿ ತಂದು ದರ್ಜಿ ಸಂತರಿಗೆ ಒಪ್ಪಿಸುತ್ತಾರೆ. ಕೊಠಡಿಯ ಗೋಡೆಗಳೂ ಮೇಲ್ಚಾವಣಿಯೂ ಅವುಗಳಿಂದ ಮುಚ್ಚಿಹೋಗಿವೆ.